ನಾನು ಹುಟ್ಟಿಸಿದ ಐನೂರು ವರ್ಷದ ಪದ್ಧತಿ

ನಾನು ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಪರವಾಗಿ ಕಣ್ಣೀರಿನ ಕತೆ ಕಟ್ಟುವ ಜನ ಇದ್ದಾರೆ. ನಡೆದದ್ದು ಇಷ್ಟೇ. ನಮ್ಮ ಶಾಲೆಯ ಮಾಡಿಗೆ ಹೊಸ ಹೆಂಚು ಹೊದೆಸಲು ಕೆಲಸದವರು ಬಂದಿದ್ದರು. ಮೂರು ದಿನ ಕಿಟಕಿಯಿಂದ ನೋಡಿದೆ. ನಾಲ್ಕನೇ ದಿನ ಅವರ ಹಿಂದೆ ಏಣಿ ಹತ್ತಿದೆ. ಮಾಸ್ತರರು ಕೆಳಗೆ ಹಾಜರಿ ಕರೆದಾಗ ನಾನು ಮಾಡಿನ ಮೇಲಿನಿಂದ "ಹಾಜರ್ ಸಾರ್" ಎಂದೆ. ಆಮೇಲೆ ಕೆಳಗಿಳಿದು ಬೆಂಚಿನಲ್ಲಿ ಕೂತದ್ದು ಬಹಳ ಕಡಿಮೆ.

ಅವತ್ತಿನಿಂದ ಇವತ್ತಿನವರೆಗೆ ನನ್ನದು ಹೆಂಚಿನ ಕೆಲಸವೇ. ಮಂಗಳೂರಿನಲ್ಲಿ ಈಗೆಲ್ಲ ಕಾಂಕ್ರೀಟು, ನಿನಗೆ ಎಲ್ಲಿ ಕೆಲಸ ಎಂದು ಕೇಳುವವರಿದ್ದಾರೆ. ಹಳೆಯ ಮನೆಗಳು ಇನ್ನೂ ಉಂಟು. ಕಾಂಕ್ರೀಟಿನ ಮೇಲೂ ಸೆಕೆ ತಡೆಯಲೆಂದು, ಚಂದಕ್ಕೆಂದು ಹೆಂಚು ಹೊದೆಸುವವರು ಉಂಟು. ನನಗೆ ಬಿಡುವಿಲ್ಲ.

ಈ ಕೆಲಸದಲ್ಲಿ ನನಗೊಂದು ಹೆಸರಿದೆ. ಬೇರೆ ಮೇಸ್ತ್ರಿಗಳು ಹೆಂಚು ತರಿಸುವಾಗ ಇಪ್ಪತ್ತೋ ಮೂವತ್ತೋ ಹೆಚ್ಚು ಬರೆಸುತ್ತಾರೆ, ಒಡೆದರೆ ಇರಲಿ ಎಂದು. ನಾನು ಹಾಗಲ್ಲ. ಅಂಗಳದಲ್ಲಿ ನಿಂತು ಮಾಡಿಗೆ ಒಂದು ಸುತ್ತು ಬಂದು, ಅಡ್ಡ ಸಾಲು, ಉದ್ದ ಸಾಲು ಎಣಿಸಿ, ಎಷ್ಟು ಬೇಕೋ ಅಷ್ಟೇ ಬರೆಸುತ್ತೇನೆ. ಕೊನೆಯ ಹೆಂಚು ಇಟ್ಟಾಗ ಅಂಗಳ ಖಾಲಿ ಇರಬೇಕು. ನನಗೆ ಕೆಲಸ ಕಲಿಸಿದ ಗುರುಗಳು ಸಾಯುವವರೆಗೂ ಹೇಳುತ್ತಿದ್ದರು, "ಸ್ವಲ್ಪ ಹೆಚ್ಚು ತರಿಸು ಮಾರಾಯ, ಹೆಂಚು ಎಂತ ನಿನ್ನ ಮಾವನಾ, ಹೇಳಿದ ಹಾಗೆ ಕೇಳ್ಲಿಕ್ಕೆ?" ನಾನು ಕೇಳಲಿಲ್ಲ. ನನ್ನ ಮಗಳು ಸಣ್ಣವಳಿದ್ದಾಗಿನಿಂದ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು, "ನನ್ನ ಪಪ್ಪನಿಗೆ ಒಂದೇ ಒಂದು ಹೆಂಚು ಕಡಿಮೆ ಬಿದ್ದದ್ದಿಲ್ಲ." ಬೇರೆ ಮಕ್ಕಳ ಅಪ್ಪಂದಿರು ಬ್ಯಾಂಕಿನಲ್ಲಿದ್ದರು, ದುಬೈಯಲ್ಲಿದ್ದರು. ಅವಳ ಅಪ್ಪನ ಹತ್ತಿರ ಇದ್ದದ್ದು ಇದೊಂದು.

ಒಮ್ಮೆ ಬಿದ್ದಿತ್ತು. ಅದು ನಮ್ಮ ಮನೆಯಲ್ಲಿ ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು.

ದೇರೆಬೈಲಿನಲ್ಲಿ ಹೋಟೆಲಿನ ಧನಿಗಳೊಬ್ಬರ ದೊಡ್ಡ ಮನೆ. ಇಡೀ ಮಾಡು ಹೊಸತು ಮಾಡಿಸುವುದೆಂದು ಹಳೇ ಹೆಂಚು ಇಳಿಸಿ, ಹೆಂಚು ಕೂರುವ ಮರದ ರೀಪುಗಳಲ್ಲಿ ಗೆದ್ದಲು ಹಿಡಿದವನ್ನು ಬದಲಿಸಿ, ಹತ್ತು ದಿನ ಕೆಲಸ ಮಾಡಿದೆವು. ಕೊನೆಯ ದಿನ ಸಂಜೆ ಅಡಿಗೆಮನೆಯ ಮೇಲಿನ ಮೂಲೆಯಲ್ಲಿ ಕೂತು "ಹೆಂಚು" ಎಂದು ಕೈ ಕೆಳಗೆ ಚಾಚಿದೆ. ಕೆಳಗಿನಿಂದ "ಮುಗೀತು ಮೇಸ್ತ್ರಿ" ಎಂದು ಕೇಳಿಸಿತು. ನೋಡಿದರೆ ನನ್ನ ಮೊಣಕಾಲಿನ ಹತ್ತಿರ ಒಂದು ಹೆಂಚಿನಷ್ಟು ಅಡಿಗೆಮನೆ ಕಾಣುತ್ತಿತ್ತು. ಅಂಗಳ ಖಾಲಿ.

ಧನಿಗಳು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಲ್ಫಿನಿಂದ ರಜೆಯಲ್ಲಿ ಬಂದ ಅವರ ಅಳಿಯ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದ. ಬೆಳಿಗ್ಗೆಯಷ್ಟೇ ಅವರ ಮುಂದೆ ನನ್ನ ಎಣಿಕೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದ್ದೆ. ಈಗ ಒಂದು ಹೆಂಚು ಕಡಿಮೆ ಎಂದು ಹೇಳುವುದು ಹೇಗೆ? ಇಳಿಸಿಟ್ಟ ಹಳೇ ಹೆಂಚಿನ ರಾಶಿಯಿಂದ ಒಡೆಯದ ಒಂದನ್ನು ಕೇಳಿ ತೆಗೆದುಕೊಂಡು ಆ ಜಾಗದಲ್ಲಿ ಕೂರಿಸಿಬಿಟ್ಟೆ. ನೀರು ಸೋರುವ ಭಯವೇನೂ ಇರಲಿಲ್ಲ, ಅದು ಗಟ್ಟಿ ಹೆಂಚು. ಆದರೆ ಮಳೆ ತಿಂದು ತಿಂದು ಇದ್ದಿಲಿನಷ್ಟು ಕಪ್ಪಾಗಿತ್ತು. ಕೆಂಪು ಮಾಡಿನ ಮಧ್ಯೆ ಅದು ರಸ್ತೆಯಿಂದಲೇ ಕಾಣುತ್ತಿತ್ತು.

"ಅದೆಂತ ಮೇಸ್ತ್ರಿ, ಒಂದು ಕಪ್ಪು?" ಧನಿಗಳು ಕೇಳಿದರು.

"ಅದು ದೃಷ್ಟಿಗೆ," ಎಂದೆ. ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

"ಯಾರ ದೃಷ್ಟಿಗೆ?"

"ಹೊಸ ಮಾಡು ಕಂಡ್ರೆ ಜನ ಕಣ್ಣು ಹಾಕ್ತಾರೆ ಅಲ್ವಾ ಧನಿಗಳೇ. ಒಂದು ಕಪ್ಪು ಹೆಂಚು ಇಟ್ರೆ ಕಣ್ಣು ಅಲ್ಲಿ ಹೋಗಿ ನಿಲ್ತದೆ. ಮಕ್ಕಳ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವ ಹಾಗೆ. ಹಳೇ ಕಾಲದ ಪದ್ಧತಿ."

ಧನಿಗಳು ತಲೆದೂಗಿದರು. ಅಳಿಯ ಮೊಬೈಲು ಮೇಲೆತ್ತಿ ಹೇಳಿದ, "ಮೇಸ್ತ್ರಿ, ಇನ್ನೊಮ್ಮೆ ಹೇಳಿ. ಗಾಳಿದು ಸೌಂಡ್ ಬಂತು."

ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಸ್ವಲ್ಪ ಚೆನ್ನಾಗಿಯೇ ಬಂತು. ಹಿರಿಯರನ್ನೂ ಸೇರಿಸಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನಕ್ಕು ನಕ್ಕು ಬಾಗಿಲಿನ ದಾರಂದ ಹಿಡಿದುಕೊಂಡಳು. ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಅವಳಿಗೆ ಮನುಷ್ಯರು ತಪ್ಪು ಮುಚ್ಚಿಕೊಳ್ಳುವ ರೀತಿಗಳೆಲ್ಲ ಗೊತ್ತು. ಅವತ್ತಿನಿಂದ ಅವಳ ಕೈಯಲ್ಲಿ ಕಡುಬು ಒಡೆದರೆ, ಸಾರಿಗೆ ಉಪ್ಪು ಹೆಚ್ಚಾದರೆ, "ಅದು ದೃಷ್ಟಿಗೆ ಮಾರಾಯ್ರೆ, ಸುಮ್ಮನೆ ಊಟ ಮಾಡಿ" ಎನ್ನುವುದು ಶುರುವಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಲಸಕ್ಕೆ ಕರೆಯುವವರು, "ನಮಗೂ ಒಂದು ದೃಷ್ಟಿ ಹೆಂಚು ಇಡ್ಬೇಕು" ಎನ್ನತೊಡಗಿದರು. ಮೊದಲನೆಯವರಿಗೆ ಬೇಡವೆಂದು ಹೇಳಿ ನೋಡಿದೆ. ಅವರು ನನ್ನನ್ನೇ ಅನುಮಾನದಿಂದ ನೋಡಿ, "ನಿಮಗೆ ಹಳೇ ಕೆಲಸ ಗೊತ್ತಿಲ್ವಾ?" ಎಂದರು. ಅದು ತಡೆದುಕೊಳ್ಳುವ ಮಾತಲ್ಲ. ಇಟ್ಟೆ. ಇನ್ನೊಬ್ಬರು ಯಾವ ದಿಕ್ಕಿನಲ್ಲಿ ಎಂದು ಕೇಳಿದರು. ಈಶಾನ್ಯ ಎಂದೆ, ಅಲ್ಲಿ ಏಣಿ ಇಡುವುದು ಸುಲಭ ಇತ್ತು. ಒಬ್ಬರು ತಮ್ಮ ಕಪ್ಪು ಹೆಂಚಿನ ಮೇಲೆ ಪಾಚಿ ಸಾಲದೆಂದು, ಅದು ಬೇಗ ಬೆಳೆಯಲಿ ಎಂದು ಮೊಸರು ಬಳಿದಿದ್ದರು. ಕಾಗೆಗಳು ಬಂದು ಅಕ್ಕಪಕ್ಕದ ಮೂರು ಹೆಂಚು ಜಾರಿಸಿದವು. ಅದನ್ನು ಸರಿಮಾಡಲು ಹೋದವನೂ ನಾನೇ.

ಈಗ ನನ್ನ ಮಗಳ ಶಾಲೆಯ ವಿಷಯ. ಅವಳು ಒಂಬತ್ತನೇ ಕ್ಲಾಸು. ನಮ್ಮ ಮನೆ ಜೆಪ್ಪಿನಲ್ಲಿ, ಶಾಲೆಗೆ ನಡೆದೇ ಹೋಗುತ್ತಾಳೆ. ಅಲ್ಲಿಗೆ ಹೊಸದಾಗಿ ಬಂದ ಟೀಚರೊಬ್ಬರು ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಹುಡುಕುವುದನ್ನು ಕಲಿಸುತ್ತಿದ್ದರು. ಹುಡುಕುವುದು ಎಂತ ಕಲಿಸ್ಲಿಕ್ಕೆ, ಮಕ್ಕಳು ಹುಟ್ಟುವಾಗಲೇ ಮೊಬೈಲು ಹಿಡಿದುಕೊಂಡು ಬರ್ತಾರೆ ಎಂದು ನಾನು ಹೇಳಿದ್ದೆ. ಆದರೆ ಈ ಟೀಚರ ಕ್ರಮ ಬೇರೆ. ಮಕ್ಕಳನ್ನು ಹಾಗೇ ಬಿಡುವುದಿಲ್ಲ. ಒಂದು ಹಾಳೆ ಕೊಡುತ್ತಾರೆ. ಹಾಳೆಯಲ್ಲಿ ದಾರಿ ಬರೆದಿರುತ್ತದೆ. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಬೇರೆಯವರು ಏನು ಹೇಳುತ್ತಾರೆ? ಕೊನೆಯಲ್ಲಿ, ಆ ವಿಷಯ ಗೊತ್ತಿರುವ ಒಬ್ಬರನ್ನು ಎದುರಿನಲ್ಲೇ ಕೇಳಿ ಬರಬೇಕು. ಕೆಳಗೆ ಒಂದು ಸೂಚನೆ, ಅದಕ್ಕೆ ಎರಡು ಗೆರೆ ಎಳೆದಿತ್ತು: "ಕೆಲವರು ಹೇಳುತ್ತಾರೆ ಎಂದು ಬರೆಯಬಾರದು. ಆ ಕೆಲವರು ಯಾರು ಎಂದು ಬರೆಯಬೇಕು."

ಇಬ್ಬಿಬ್ಬರು ಸೇರಿ, ನಮ್ಮ ಊರಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಓಡಾಡುವ ಒಂದು ಮಾತನ್ನು ಹಿಡಿದು ಅದರ ಬುಡದವರೆಗೆ ಹೋಗಬೇಕು. ನನ್ನ ಮಗಳೂ ಅವಳ ಗೆಳತಿಯೂ ಹಿಡಿದ ಮಾತು ದೃಷ್ಟಿ ಹೆಂಚು.

"ಬೇರೆ ಎಂತದೂ ಸಿಗಲಿಲ್ವಾ?" ಎಂದೆ.

"ನಮ್ಮ ಮನೆಯಲ್ಲೇ ಎಕ್ಸ್‌ಪರ್ಟ್ ಉಂಟಲ್ಲ ಪಪ್ಪ," ಎಂದಳು.

ಶನಿವಾರ ಮಧ್ಯಾಹ್ನ ಗೆಳತಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಕನ್ನಡಕದ ಹುಡುಗಿ, ತಾಯಿ ನರ್ಸು, ಮನೆಮಾತು ಕೊಂಕಣಿ. ಮನೆಯಲ್ಲಿ ನಾವು ತುಳು ಮಾತಾಡುವವರು, ಅವಳು ಬಂದರೆ ಎಲ್ಲರೂ ಕನ್ನಡಕ್ಕೆ ಬರುತ್ತೇವೆ. ಇಬ್ಬರೂ ನನ್ನ ಮೊಬೈಲಿನ ನೆಟ್ ತೆಗೆದುಕೊಂಡು ನೆಲದಲ್ಲಿ ಕೂತರು. ನಾನು ಬೆಂಚಿನಲ್ಲಿ ಪೇಪರು ಓದುವವನ ಹಾಗೆ ಕೂತೆ. ಹೆಂಡತಿ ಒಳಗೆ ಸಿಗಡಿ ಸುಲಿಯುತ್ತಿದ್ದಳು. ಎಂದೂ ಅಷ್ಟು ಸದ್ದಿಲ್ಲದೆ ಸುಲಿದವಳಲ್ಲ.

ಮೊದಲ ಪುಟವನ್ನು ಮಗಳು ಗಟ್ಟಿಯಾಗಿ ಓದಿದಳು. "ಕರಾವಳಿಯ ಐನೂರು ವರ್ಷಗಳ ಪರಂಪರೆಯಾದ ದೃಷ್ಟಿ ಹೆಂಚು..."

ಕನ್ನಡಕದ ಹುಡುಗಿ ಇನ್ನೊಂದು ಕಿಟಕಿ ತೆರೆದಳು. "ಇಲ್ಲಿ ಹೆಂಚಿನ ಕಾರ್ಖಾನೆ ಶುರುವಾಗಿ ನೂರೈವತ್ತು ವರ್ಷ ಚಿಲ್ಲರೆ ಅಂತ ಉಂಟು. ಹಾಗಾದ್ರೆ ಅದಕ್ಕೆ ಮೊದಲು ಆ ಕಪ್ಪು ಹೆಂಚನ್ನು ಎಲ್ಲಿ ಇಡ್ತಿದ್ರು?"

ಇಬ್ಬರೂ ನನ್ನನ್ನು ನೋಡಿದರು. "ಹುಲ್ಲಿನ ಮಾಡಿನ ಮೇಲೆ," ಎಂದೆ.

"ಹುಲ್ಲಿನ ಮಾಡಿಗೆ ಒಂದೇ ಒಂದು ಹೆಂಚಾ ಅಂಕಲ್?"

ಒಳಗಿನಿಂದ ಹೆಂಡತಿ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಹೆಂಚು ಇಡುವುದು ಈಶಾನ್ಯದಲ್ಲಿ ಎಂದು ಒಂದು ಪುಟ, ನೈಋತ್ಯದಲ್ಲಿ ಎಂದು ಇನ್ನೊಂದು, ಮನೆಯ ಯಜಮಾನನ ನಕ್ಷತ್ರ ನೋಡಿ ಎಂದು ಮತ್ತೊಂದು. ಒಂದು ಕಡೆ ಕಾರಿಗೆ ನೇತುಹಾಕುವ ಬೆರಳುದ್ದದ ದೃಷ್ಟಿ ಹೆಂಚು ಮಾರಾಟಕ್ಕಿತ್ತು. ಎಲ್ಲ ಪುಟಗಳ ಅಡಿಯಲ್ಲೂ ಒಂದೇ ಮಾತು: ಕೃಪೆ, ಅಂತರ್ಜಾಲ.

"ಅಂತರ್ಜಾಲದಲ್ಲಿ ಇರುವವರೇ ಅಂತರ್ಜಾಲದಿಂದ ತೆಗೊಂಡದ್ದು ಅಂತ ಹೇಳಿದ್ರೆ ಹೇಗೆ?" ಎಂದಳು ಮಗಳು. "ಇದು ನಿನ್ನ ಚಪ್ಪಲಿ ಎಲ್ಲಿಂದ ಅಂದ್ರೆ ಕಾಲಿನಿಂದ ಅಂದ ಹಾಗೆ ಆಯ್ತು."

ಹಾಳೆಯಲ್ಲಿ ಟೀಚರು ಬರೆದಿದ್ದ ಉಪಾಯವೊಂದಿತ್ತು. ಎಲ್ಲ ಪುಟಗಳೂ ಒಂದೇ ಹೇಳಿದರೆ ಅವುಗಳ ತಾರೀಕು ನೋಡಿ, ಎಲ್ಲಕ್ಕಿಂತ ಹಳೆಯದಕ್ಕೆ ಹೋಗಿ. ಹೋದರು. ಐನೂರು ವರ್ಷ ನೂರು ವರ್ಷವಾಯಿತು, ನೂರು ವರ್ಷ "ಹಿಂದಿನ ಕಾಲ"ವಾಯಿತು, ಕೊನೆಗೆ ಒಂದು ವಿಡಿಯೊ ಉಳಿಯಿತು. ಅದಕ್ಕಿಂತ ಹಿಂದೆ ಪ್ರಪಂಚದಲ್ಲಿ ಯಾರೂ ದೃಷ್ಟಿ ಹೆಂಚಿನ ಸುದ್ದಿ ಎತ್ತಿರಲಿಲ್ಲ.

ವಿಡಿಯೊದಲ್ಲಿ ಒಂದು ಅಂಗಳ, ಒಂದು ಏಣಿ, ಮಾಡಿನ ಅಂಚು, ಅಂಚಿನಲ್ಲಿ ಮೊಣಕಾಲಿನಿಂದ ಕೆಳಗೆ ಎರಡು ಕಾಲು. ಮುಖ ಇಲ್ಲ. ಧ್ವನಿ ಮಾತ್ರ: "ಮಕ್ಕಳ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವ ಹಾಗೆ. ಹಿರಿಯರು ಮಾಡಿದ ಪದ್ಧತಿ, ಸುಮ್ಮನೆ ಅಲ್ಲ."

"ಈ ಧ್ವನಿ ಅಂಕಲ್ ಹಾಗೇ ಉಂಟು," ಎಂದಳು ಕನ್ನಡಕದ ಹುಡುಗಿ.

"ಹೆಂಚಿನವರು ಎಲ್ಲ ಹೀಗೇ ಮಾತಾಡುವುದು. ಮೇಲಿನಿಂದ ಕೂಗಿ ಕೂಗಿ ಗಂಟಲು ಒಂದೇ ಆಗ್ತದೆ," ಎಂದೆ.

ಹೆಂಡತಿ ಸಿಗಡಿಯ ಕೈ ಹಾಗೇ ಮೇಲೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದಳು. "ಈ ಕಾಲು ನಾನು ಎಲ್ಲಿಯೋ ನೋಡಿದ್ದೇನೆ," ಎಂದು ಹೇಳಿ ಒಳಗೆ ಹೋದಳು.

ನನ್ನ ಬಲಗಾಲಿನ ಹೆಬ್ಬೆರಳ ಉಗುರು ಎರಡು ಸೀಳು. ಹುಡುಗನಾಗಿದ್ದಾಗ ಹೆಂಚು ಬಿದ್ದು ಆದದ್ದು. ಮಗಳು ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿದಳು. ಆಮೇಲೆ ಬೆಂಚಿನ ಕೆಳಗೆ ನೋಡಿದಳು. ನಾನು ಕಾಲನ್ನು ಲುಂಗಿಯೊಳಗೆ ಎಳೆದುಕೊಂಡೆ. ತಡವಾಗಿತ್ತು.

ನನ್ನ ಭಯ ಇದ್ದದ್ದು ಅವಳು ಸಿಟ್ಟಾಗುತ್ತಾಳೆಂದು. ಅವಳು ಎದ್ದು ಕುಣಿದಳು. "ಪಪ್ಪ, ನೀವೇ ಮೂಲ. ಇಡೀ ಕ್ಲಾಸಿನಲ್ಲಿ ಬುಡದವರೆಗೆ ಮುಟ್ಟಿದವರು ನಾವು ಮಾತ್ರ." ಪೆನ್ನು ತೆಗೆದು ಕೂತಳು. "ಈಗ ಎರಡನೇ ಪ್ರಶ್ನೆ. ನಿಮಗೆ ಹೇಗೆ ಗೊತ್ತು?"

"ಹಿರಿಯರು ಹೇಳಿದ್ದು."

"ಯಾವ ಹಿರಿಯರು?"

"ಕೆಲವರು."

"ಕೆಲವರು ಅಂತ ಬರೆದ್ರೆ ಟೀಚರ್ ಕೆಂಪು ಗೆರೆ ಎಳೀತಾರೆ."

"ನನಗೆ ಕೆಲಸ ಕಲಿಸಿದ ಗುರುಗಳು," ಎಂದೆ. ಹೇಳಿದ ಕೂಡಲೇ ನನಗೇ ಹೇಗೋ ಆಯಿತು. ಬದುಕಿಡೀ ಹೆಚ್ಚು ಹೆಂಚು ತರಿಸು ಎಂದು ಬುದ್ಧಿ ಹೇಳಿದ ಮನುಷ್ಯ. ಅವರ ಮಾತು ಕೇಳದೆ ಆದ ತಪ್ಪನ್ನು ಅವರ ತಲೆಗೇ ಕಟ್ಟಿದೆ.

"ಅವರನ್ನು ಕೇಳ್ಬಹುದಾ ಅಂಕಲ್?"

"ತೀರಿಹೋದ್ರು."

ಕನ್ನಡಕದ ಹುಡುಗಿ ಬರೆದಳು: ತೀರಿಹೋಗಿದ್ದಾರೆ, ಆದ್ದರಿಂದ ಕೇಳಲಾಗಲಿಲ್ಲ.

ಮರುವಾರ ಶಾಲೆಯಿಂದ ಚೀಟಿ ಬಂತು. ಮಕ್ಕಳು ತಾವು ಹುಡುಕಿದ್ದನ್ನು ಕ್ಲಾಸಿನ ಮುಂದೆ ಹೇಳುವ ದಿನ ನಾನೂ ಬರಬೇಕೆಂದು, ಮೂಲ ವ್ಯಕ್ತಿಯಾಗಿ. ಮಗಳು ನನ್ನ ಬಿಳಿ ಅಂಗಿಗೆ ತಾನೇ ಗಂಜಿ ಹಾಕಿದಳು. "ಟೀಚರಿಗೆ ಹೇಳಿದ್ದೇನೆ, ನನ್ನ ಪಪ್ಪನಿಗೆ ಒಂದು ಹೆಂಚೂ ಕಡಿಮೆ ಬಿದ್ದದ್ದಿಲ್ಲ ಅಂತ." ನಿಜ ಹೇಳಿದರೆ ಅವಳ ಆ ಒಂದು ಮಾತು ಹೋಗುತ್ತದೆ. ಹೇಳದಿದ್ದರೆ ನಲವತ್ತು ಮಕ್ಕಳು ನನ್ನ ಗುರುಗಳ ಹೆಸರಿನಲ್ಲಿ ನಾನು ಹೇಳಿದ ಸುಳ್ಳನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಾರೆ.

ಆ ದಿನಗಳಲ್ಲಿ ಆ ಹಾಳೆಯ ಪ್ರಶ್ನೆಗಳು ನನ್ನ ತಲೆಗೆ ಹತ್ತಿಕೊಂಡು ಬಿಟ್ಟಿದ್ದವು. ಮೀನು ಮಾರುವ ಹೆಂಗಸು ಬಂದು "ಬಂಗುಡೆ ಫ್ರೆಶ್" ಎಂದರೆ, "ಇದನ್ನು ಹೇಳಿದವರು ಯಾರು?" ಎಂದು ಕೇಳಿದೆ.

"ಬಂಗುಡೆಯೇ ಹೇಳಿದ್ದು," ಎಂದಳು ಅವಳು. "ಬೇಕಾದ್ರೆ ನೀವೇ ಕೇಳಿ, ಬಾಯಿ ತೆರೆದೇ ಉಂಟು."

ಹೆಂಡತಿಯೂ ಬಿಡಲಿಲ್ಲ. ಹತ್ತು ನಿಮಿಷದಲ್ಲಿ ಬರ್ತೇನೆ ಎಂದು ಫೋನಿನಲ್ಲಿ ಹೇಳಿದರೆ, "ಬೇರೆಯವರು ಏನು ಹೇಳುತ್ತಾರೆ?" ಎಂದು ಜೊತೆಯಲ್ಲಿದ್ದ ಕೆಲಸದವನಿಗೆ ಫೋನು ಕೊಡಿಸುತ್ತಿದ್ದಳು.

ಕೊನೆಗೆ ಒಂದು ಉಪಾಯ ಮಾಡಿದೆ. ಬುಡವನ್ನೇ ಕಿತ್ತರೆ ಹೇಗೆ? ಒಂದು ಹೊಸ ಕೆಂಪು ಹೆಂಚನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ದೇರೆಬೈಲಿಗೆ ಹೋದೆ. ಧನಿಗಳು ಹೋಟೆಲಿಗೆ ಹೋಗಿದ್ದರು. ಅವರ ಹೆಂಡತಿ, ಮನೆಯ ಅಮ್ಮ, ಜಗಲಿಯಲ್ಲಿ ಹೂವಿನ ಚಟ್ಟಿಗಳಿಗೆ ನೀರು ಹಾಕುತ್ತಿದ್ದರು.

"ಅಮ್ಮಾ, ಆ ಕಪ್ಪು ಹೆಂಚು ತೆಗೆದು ಹೊಸತು ಹಾಕಿಬಿಡ್ತೇನೆ. ಫ್ರೀ."

"ಎಂತ ಮಾತಾಡ್ತೀರಿ ಮೇಸ್ತ್ರಿ. ಅದು ಇಟ್ಟ ಮೇಲೆ ಇವರ ಶುಗರ್ ಕಂಟ್ರೋಲಿಗೆ ಬಂದಿದೆ."

"ಮಾತ್ರೆ ತೆಗೊಳ್ತಾರಾ?"

"ಮಾತ್ರೆಯೂ ತೆಗೊಳ್ತಾರೆ." ಅವರು ನನ್ನ ಚೀಲದ ಕಡೆ ನೋಡಿದರು. "ಆ ಹೆಂಚಿಗೆ ನೀವು ಕೈ ಹಾಕಿದ್ರೆ ನಾನು ಏಣಿ ತೆಗೀತೇನೆ, ಮತ್ತೆ ನೀವು ಮೇಲೆಯೇ."

ಚಹಾ ಕೊಟ್ಟರು, ಕುಡಿದೆ. ಅವರ ಆಂಥೂರಿಯಂ ಚಟ್ಟಿಯ ಕೆಳಗೆ ಒಂದು ಕೆಂಪು ಹೆಂಚು ಇಟ್ಟಿದ್ದರು. ನೀರು ಇಳಿದು ಇಳಿದು ಅರ್ಧ ಹಸಿರಾಗಿತ್ತು. ಮಾಡಿನ ಮೇಲಿರಬೇಕಾದ ಹೆಂಚನ್ನು ನೆಲದಲ್ಲಿ ನೋಡಿದರೆ ನನಗೆ ಸೇರುವುದಿಲ್ಲ. ಆದರೆ ಅವತ್ತು ಹೇಳುವ ಮನಸ್ಸಾಗಲಿಲ್ಲ. ಚೀಲದ ಹೆಂಚನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ.

ಆ ದಿನ ಬಂತು. ಏಳನೇ ಕ್ಲಾಸಿನ ನಂತರ ಕ್ಲಾಸಿನೊಳಗೆ ಕೂತದ್ದು ಅದೇ ಮೊದಲು. ಹೋದ ಕೂಡಲೇ ಮಾಡು ನೋಡಿದೆ, ಕಾಂಕ್ರೀಟು. ಟೀಚರು ಕುಳ್ಳಗಿನ, ಮೆತ್ತಗೆ ಮಾತಾಡುವ ಹೆಂಗಸು. ಸಿಟ್ಟು ಬಂದದ್ದು ಗೊತ್ತಾಗದ ಜನ ಬಹಳ ಅಪಾಯ, ಇವರು ಹಾಗೇ ಕಂಡರು. ನಮಗಿಂತ ಮೊದಲು ಇಬ್ಬರು ಹುಡುಗರು, ಪಾದದಡಿ ನೀರುಳ್ಳಿ ಕಟ್ಟಿದರೆ ಜ್ವರ ಇಳಿಯುತ್ತದೆ ಎಂಬ ಮಾತಿನ ಬುಡ ಹುಡುಕಲು ಹೋಗಿ ಇಪ್ಪತ್ತು ಪುಟ ದಾಟಿದರೂ ಬುಡ ಸಿಗಲಿಲ್ಲ, ಸಾಕ್ಸು ಮಾತ್ರ ಹಾಳಾಯಿತು ಎಂದು ವರದಿ ಒಪ್ಪಿಸಿದರು.

ಆಮೇಲೆ ನನ್ನ ಮಗಳು ಎದ್ದಳು. ಐನೂರು ವರ್ಷದಿಂದ ಶುರುಮಾಡಿ, ಒಂದೊಂದೇ ಪುಟ ಇಳಿದು, ನನ್ನ ಕಾಲಿನವರೆಗೆ ಬಂದಳು. ಗೋಡೆಯ ಮೇಲೆ ನನ್ನ ಸೀಳಿದ ಉಗುರು ಬಾಗಿಲಿನಷ್ಟು ದೊಡ್ಡದಾಗಿ ಬಿತ್ತು. ಮಕ್ಕಳೆಲ್ಲ ನನ್ನ ಚಪ್ಪಲಿಯ ಕಡೆ ನೋಡಿದರು. ಇದಕ್ಕೆಂದೇ ಶೂ ಹಾಕಿಕೊಂಡು ಹೋಗಿದ್ದರೆ ಚೆನ್ನಾಗಿತ್ತು.

"ಬಹಳ ಒಳ್ಳೆದಾಯ್ತು," ಎಂದರು ಟೀಚರು. "ಈಗ ಎರಡನೇ ಪ್ರಶ್ನೆ. ಅಂಕಲ್ ಇಲ್ಲೇ ಇದ್ದಾರಲ್ಲ, ಅವರೇ ಹೇಳಲಿ. ನಿಮಗೆ ಹೇಗೆ ಗೊತ್ತು?"

ಎದ್ದು ನಿಂತೆ. ನನ್ನ ಗುರುಗಳು ಎಂದು ಹೇಳಲು ಬಾಯಿ ತೆರೆದೆ. ಮುಂದಿನ ಬೆಂಚಿನ ಮಗುವೊಂದು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳಲು ಕಾಯುತ್ತಿತ್ತು. ಅಷ್ಟು ಶ್ರದ್ಧೆಯಿಂದ ನನ್ನ ಮಾತಿಗೆ ಯಾರೂ ಕಾದದ್ದಿಲ್ಲ, ಸ್ವಂತ ಹೆಂಡತಿಯೂ.

"ನನಗೆ ಗೊತ್ತಿಲ್ಲ," ಎಂದೆ. "ಅಂಥ ಪದ್ಧತಿ ಇಲ್ಲ. ಒಂದು ಹೆಂಚು ಕಡಿಮೆ ಬಿತ್ತು. ಹೇಳ್ಲಿಕ್ಕೆ ನಾಚಿಕೆ ಆಯ್ತು. ಹಳೇದು ಇಟ್ಟು ಬಾಯಿಗೆ ಬಂದದ್ದು ಹೇಳಿದೆ. ನನ್ನ ಗುರುಗಳು ಹೇಳಿದ್ದಲ್ಲ. ಅವರು ಹೇಳಿದ್ದು ಸ್ವಲ್ಪ ಹೆಚ್ಚು ತರಿಸು ಅಂತ. ಎಣಿಕೆ ತಪ್ಪಿದ್ದು ನನ್ನದೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭ ಇತ್ತು. ಮಗಳು ಲ್ಯಾಪ್‌ಟಾಪಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಕಿವಿ ಕೆಂಪಾಗಿತ್ತು. ನಾನು ಕೂತುಕೊಂಡೆ. ಮಕ್ಕಳ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.

ಆಗ ಅವಳು ವಿಡಿಯೊವನ್ನು ಹಿಂದಕ್ಕೆ ಓಡಿಸಿದಳು. ಒಮ್ಮೆ ನಿಲ್ಲಿಸಿದಳು, ಇನ್ನೊಮ್ಮೆ ನಿಲ್ಲಿಸಿದಳು. "ಟೀಚರ್, ಇದು ಮೂರನೇ ಪ್ರಶ್ನೆಗೆ, ಬೇರೆಯವರು ಏನು ಹೇಳುತ್ತಾರೆ ಅಂತ," ಎಂದಳು. "ಪಪ್ಪ, ಏಣಿಯ ಕಾಲು ನೋಡಿ."

ಗೋಡೆಯ ಮೇಲೆ ನನ್ನ ಏಣಿ. ಅಂಗಳದ ಮೆತ್ತಗಿನ ಮಣ್ಣು. ಏಣಿಯ ಎಡಗಾಲು ಹೂತುಹೋಗದ ಹಾಗೆ ಅಡಿಗೆ ಏನೋ ಇಟ್ಟಿತ್ತು. ಮಗಳು ಅದನ್ನು ದೊಡ್ಡದು ಮಾಡಿದಳು. ಕೆಂಪಗೆ, ಅಚ್ಚಿನ ಗೆರೆ ಕೂಡ ಮಾಸದ ಹೊಸ ಹೆಂಚು.

ನನಗೆ ನೆನಪಾಯಿತು. ಹಿಂದಿನ ದಿನ ಮಳೆ ಬಂದಿತ್ತು. ಬೆಳಿಗ್ಗೆ ಏಣಿ ಜಾರಿದಾಗ ಕೈಗೆ ಸಿಕ್ಕಿದ ಒಂದು ಹೆಂಚನ್ನು ನಾನೇ ಅಡಿಗೆ ಕೊಟ್ಟಿದ್ದೆ, ಸಂಜೆ ತೆಗೆದರಾಯಿತು ಎಂದು. ಅಂಗಳದಲ್ಲಿ ಹೆಂಚಿಲ್ಲ ಎಂದು ನಾನು ಕಣ್ಣು ಕಣ್ಣು ಬಿಡುತ್ತಿದ್ದಾಗ ಅದರ ಮೇಲೆಯೇ ಏಣಿ ಇಟ್ಟು ಹತ್ತಿ ಕೂತಿದ್ದೆ.

ಈಗ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನವರು ಮೇಜು ಕುಟ್ಟಿದರು. ನಾನು ಎದ್ದು ನಿಂತು "ಎಣಿಕೆ ಸರಿ ಇತ್ತು," ಎಂದೆ. ನಗುವಿನಲ್ಲಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದೆ. ಮೂರನೇ ಸಲ ಹೇಳುವಾಗ ಟೀಚರು ಕೈ ಎತ್ತಿದರು.

"ಎಣಿಕೆ ಸರಿ ಇತ್ತು, ಮಾತು ತಪ್ಪಿತ್ತು. ಎರಡನ್ನೂ ಬರೆಯುವ ಆಯ್ತಾ ಮಕ್ಕಳೇ," ಎಂದರು ಅದೇ ಮೆತ್ತಗಿನ ಧ್ವನಿಯಲ್ಲಿ.

ಮಗಳು ಅಲ್ಲೇ ಕೂತು ಹಾಳೆ ತುಂಬಿಸಿದಳು. ಹೇಳಿದವರು ಯಾರು: ನನ್ನ ತಂದೆ. ಅವರಿಗೆ ಹೇಗೆ ಗೊತ್ತು: ಅವರೇ ಕಟ್ಟಿದ್ದು. ಗುರುಗಳ ಬಗ್ಗೆ ಬರೆದಿದ್ದ ಸಾಲನ್ನು ಹೊಡೆದುಹಾಕಿದಳು. ಕೆಳಗೆ ಪೋಷಕರ ಸಹಿಯ ಜಾಗವಿತ್ತು. ಹಾಕಿದೆ.

ದಾರಿಯಲ್ಲಿ ಅವಳು ಸ್ವಲ್ಪ ದೂರ ನನಗಿಂತ ಮುಂದೆ ನಡೆದಳು. ಆಮೇಲೆ, "ಹಾಗಾದ್ರೆ ಇಷ್ಟರವರೆಗೆ ಒಂದೂ ಕಡಿಮೆ ಬಿದ್ದದ್ದಿಲ್ಲ ಅಲ್ವಾ ಪಪ್ಪ?" ಎಂದಳು.

"ಒಂದೂ ಇಲ್ಲ."

"ಇನ್ನು ಮುಂದೆ ಯಾರಾದ್ರೂ ಕೇಳಿದ್ರೆ ನಾನು ವಿಡಿಯೊ ತೋರಿಸ್ತೇನೆ," ಎಂದಳು. ಅವಳ ಆ ಮಾತಿಗೆ ಮೊದಲು ಸಾಕ್ಷಿ ಇರಲಿಲ್ಲ, ಈಗ ಸಾಕ್ಷಿ ಸಿಕ್ಕಿತ್ತು. ಇಬ್ಬರೂ ಐಸ್‌ಕ್ರೀಮ್ ತಿಂದು ಮನೆಗೆ ಹೋದೆವು.

ಆ ವಿಡಿಯೊದ ಕೆಳಗೆ ಅವಳು ಕೂತು ನನ್ನ ಹೇಳಿಕೆಯನ್ನು ಬರೆದಳು: ಇದು ನಿಜವಲ್ಲ, ಇದರಲ್ಲಿ ಮಾತಾಡಿದವನೇ ಹೇಳುತ್ತಿದ್ದೇನೆ, ಒಂದು ಹೆಂಚು ಏಣಿಯ ಕೆಳಗೆ ಇತ್ತು. ಸಂಜೆಯೊಳಗೆ ಉತ್ತರ ಬಂತು. ಗುರುತು ಪರಿಚಯ ಇಲ್ಲದ ಯಾರೋ ಬರೆದಿದ್ದರು: "ಪದ್ಧತಿಯ ಬಗ್ಗೆ ಗೊತ್ತಿಲ್ಲದವರು ಮಾತಾಡಬಾರದು. ವಿಡಿಯೊದಲ್ಲಿರುವ ಹಿರಿಯರಿಗೆ ಗೌರವ ಕೊಡಿ."

ದೇರೆಬೈಲಿಗೂ ಹೋಗಿ ಧನಿಗಳಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯಲ್ಲಿ ಒರಗಿ ಮಾಡಿನ ಕಡೆ ಬಹಳ ಹೊತ್ತು ನೋಡಿದರು. "ಹಾಗಾದ್ರೆ ಮೇಸ್ತ್ರಿ, ನನ್ನ ಶುಗರ್?" ಎಂದರು. ನಾನು ಮಾತ್ರೆ ಬಿಡಬೇಡಿ ಎಂದೆ. ಕಪ್ಪು ಹೆಂಚನ್ನು ತೆಗೆಯಲು ಈಗಲೂ ಬಿಡಲಿಲ್ಲ. ಆಂಥೂರಿಯಂ ಚಟ್ಟಿಯ ಕೆಳಗಿನದನ್ನು ತೋರಿಸಿ, ಅದು ಆ ದಿನದ್ದೇ ಹೆಂಚು ಎಂದರೆ, ಅಮ್ಮ ಹೇಳಿದರು, "ಗೊತ್ತುಂಟು. ನೀವು ಏಣಿ ತೆಗೆದ ಮೇಲೆ ಅಲ್ಲೇ ಬಿದ್ದಿತ್ತು. ನೀವು ಒಂದೂ ಉಳಿಸುವುದಿಲ್ಲ ಅಂತ ಅಷ್ಟು ಹೇಳ್ತಿದ್ರಲ್ಲ. ನಿಮ್ಮ ಮರ್ಯಾದೆಗೆ ಅಂತ ನಾನು ಚಟ್ಟಿ ಇಟ್ಟು ಮುಚ್ಚಿದೆ."

ಈಗಲೂ ನಾನು ಅಂಗಳದಲ್ಲಿ ನಿಂತು, ಅಡ್ಡ ಸಾಲು ಉದ್ದ ಸಾಲು ಎಣಿಸಿ, ಎಷ್ಟು ಬೇಕೋ ಅಷ್ಟೇ ಬರೆಸುತ್ತೇನೆ. ಇಪ್ಪತ್ತು ಮೂವತ್ತು ಹೆಚ್ಚು ತರಿಸುವ ಅಭ್ಯಾಸ ಬಂದಿಲ್ಲ. ಗುರುಗಳ ಮಾತಿಗೆ ಬೆಲೆ ಕೊಟ್ಟು ಒಂದು ಮಾತ್ರ ಹೆಚ್ಚು ಬರೆಸುತ್ತೇನೆ. ಅದು ಏಣಿಯ ಕಾಲಿಗೆ.